ಕೋಣೆಯ ಸದ್ದು ಕೋಣೆಯಲ್ಲೇ ಉಳಿಯಲು ಬಾಗಿಲು: ನಮ್ಮ ಕರಾವಳಿ-ಮಲೆನಾಡಿನ ಹವೆಗೆ ಒಗ್ಗಿದ ಕ್ರಮ

ಶಿರಸಿ, ಕುಮಟಾ, ಕಾರವಾರದ ಕಡೆ ಸೌಂಡ್‌ಪ್ರೂಫ್ ಬಾಗಿಲು ಕೇಳುವವರಿಗೆ ಹೆಚ್ಚಾಗಿ ಇರುವ ಕಾರಣ ಮೂರೇ: ಎಸ್ಸೆಸ್ಸೆಲ್ಸಿಗೆ ಓದುವ ಮಗು, ಚಂಡೆ-ಮದ್ದಳೆಯ ಅಭ್ಯಾಸ, ಮನೆಯಿಂದಲೇ ಮಾಡುವ ಕಂಪ್ಯೂಟರ್ ಕೆಲಸ. ಬಾಗಿಲಿನ ಮಾತಿಗೆ ಮೊದಲು ನಾನು ತಲೆಯೆತ್ತಿ ಮನೆಯ ಮಾಡಿನತ್ತ ನೋಡುತ್ತೇನೆ. ಹಂಚಿನ ಮನೆಗಳಲ್ಲಿ ಒಳಗೋಡೆ ಎಷ್ಟೋ ಸಲ ತೊಲೆಯ ಮಟ್ಟಕ್ಕೇ ನಿಂತಿರುತ್ತದೆ. ಮೇಲೆ ಅಟ್ಟದ ಹಲಗೆ, ಇಲ್ಲವೇ ಬರೀ ಖಾಲಿ. ಸದ್ದು ಗೋಡೆ ಹತ್ತಿ ಆಚೆ ಇಳಿಯುತ್ತದೆ. ಅಂಥಲ್ಲಿ ಮೇಲಿನ ಭಾಗ ಮುಚ್ಚದೆ ಬಾಗಿಲಿಗೆ ದುಡ್ಡು ಸುರಿಯಬೇಡಿ. ಬಾಗಿಲ ಮೇಲಿನ ಗಾಳಿಕಿಂಡಿಗೂ, ಪ್ಲಾಸ್ಟರ್ ಆಗದ ಚಿರೆಕಲ್ಲಿನ ಗೋಡೆಗೂ ಇದೇ ಮಾತು. ಚಿರೆಕಲ್ಲಿನ ತೂತುಗಳು ಎರಡೂ ಕಡೆ ಮುಚ್ಚಿರಬೇಕು.

ತಾರಸಿ ಮನೆಯಲ್ಲಿ ಲೆಕ್ಕ ಸಲೀಸು. ಗೋಡೆ 50 ಡೆಸಿಬಲ್ (ಸದ್ದಿನ ಅಳತೆ) ತಡೆಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಚದರ ಮೀಟರಿನ ಆ ಗೋಡೆಯಲ್ಲಿ 25 ಡೆಸಿಬಲ್ ತಡೆಯುವ 7 x 3 ಅಡಿ ಬಾಗಿಲು ಕೂತರೆ ಎರಡೂ ಸೇರಿ ತಡೆಯುವುದು 32 ಡೆಸಿಬಲ್ ಮಾತ್ರ. ಇನ್ನು ಅದೇ ಬಾಗಿಲಿನ ಕೆಳಗೆ 10 ಮಿ.ಮೀ. ಸಂದಿ ಬಿಟ್ಟಿದ್ದರೆ, ಹಲಗೆ ಎಷ್ಟೇ ದಪ್ಪವಿರಲಿ, ಬಾಗಿಲು 23 ಡೆಸಿಬಲ್ ದಾಟುವುದಿಲ್ಲ. ತೆರೆದ ಜಾಗ ಒಟ್ಟು ಬಾಗಿಲಿನ ಶೇಕಡಾ ಅರ್ಧದಷ್ಟೂ ಇಲ್ಲ, ಆದರೂ ಅಲ್ಲಿಗೇ ಮಿತಿ. ಸುಮಾರು 25 ಡೆಸಿಬಲ್ ತಡೆದರೆ ಆಚೆಯ ಮಾತು ಪದ ಪದವಾಗಿ ಕೇಳುತ್ತದೆ. 35ರ ಹತ್ತಿರ ಅದು ಗುಜುಗುಜು ಆಗುತ್ತದೆ. 10 ಡೆಸಿಬಲ್ ಕಡಿಮೆಯಾದರೆ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ.

ಆದ್ದರಿಂದ ನನ್ನ ಕ್ರಮದಲ್ಲಿ ಖರ್ಚು ಮೊದಲು ಸಂದಿಗೆ, ಆಮೇಲೆ ಹಲಗೆಗೆ.

ಹಲಗೆಯಲ್ಲಿ ನೋಡಬೇಕಾದ್ದು ತೂಕ. ಅಂಗಡಿಯಲ್ಲಿ ಬೆರಳಿಂದ ಬಡಿದು ನೋಡಿ. ಡಬಡಬ ಎಂದರೆ ಒಳಗೆ ಪೊಳ್ಳು. 35 ಮಿ.ಮೀ. ಸಾಲಿಡ್ ಕೋರ್ (ಒಳಗೆ ಪೊಳ್ಳಿಲ್ಲದ) ಫ್ಲಶ್ ಬಾಗಿಲು ಚದರ ಮೀಟರಿಗೆ 20 ಕೆ.ಜಿ. ಆಸುಪಾಸು ತೂಗುತ್ತದೆ, ಪೊಳ್ಳಿನದು ಅದರ ಅರ್ಧ. ಹಲಸಿನ ಹಳೆಯ ಕೆತ್ತನೆ ಬಾಗಿಲು ಭಾರವೆನಿಸಿದರೂ ನಡುವಿನ ಪ್ಯಾನೆಲ್ ತೆಳ್ಳಗಿರುತ್ತದೆ, ಸದ್ದು ಅಲ್ಲೇ ದಾಟುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನಮ್ಮ ಮಳೆಗೆ ಉಬ್ಬುತ್ತದೆ, ಬೇಡ. ಮರದ ಪುಡಿ, ಪ್ಲಾಸ್ಟಿಕ್ ಬೆರೆತ ಡಬ್ಲ್ಯುಪಿಸಿಗೆ ಗೆದ್ದಲಿನ ಭಯವಿಲ್ಲ, ಆದರೆ ಅದರಲ್ಲೂ ಪೊಳ್ಳಿನದು ಇದೆ, ತೂಗಿಯೇ ತೆಗೆದುಕೊಳ್ಳಿ. ಕಬ್ಬಿಣದ ಹಾಳೆಯ ಬಾಗಿಲಿನ ಒಳಗೆ ಕಾಗದದ ಜೇನುಗೂಡು ತುಂಬಿದ್ದು ಬರುತ್ತದೆ. ಅದು ಸದ್ದನ್ನೂ ತಡೆಯದು, ಕಾರವಾರದ ಉಪ್ಪು ಗಾಳಿಯನ್ನೂ ತಾಳದು. ಮೊಟ್ಟೆ ಟ್ರೇಯಂಥ ಫೋಮ್ ಅಂಟಿಸಿ ಸೌಂಡ್‌ಪ್ರೂಫ್ ಎನ್ನುವವರ ಮಾತು ಕೇಳಬೇಡಿ. ಅದು ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ ಅಷ್ಟೆ, ಆಚೆಗೆ ಹೋಗುವುದನ್ನು ನಿಲ್ಲಿಸುವುದಿಲ್ಲ. ಕಂಪನಿಯ ರೆಡಿ ಬಾಗಿಲು ಕೊಳ್ಳುವುದಾದರೆ ಟೆಸ್ಟ್ ರಿಪೋರ್ಟ್ ಕೇಳಿ. ಅದರಲ್ಲಿನ ಅಂಕಿ ಬರೀ ಹಲಗೆಯದೋ, ದಾರಂದ (ಬಾಗಿಲ ಚೌಕಟ್ಟು) ಮತ್ತು ರಬ್ಬರ್ ಸೇರಿ ಪೂರ್ತಿ ಸೆಟ್ಟಿನದೋ ನೋಡಿ.

ಇದ್ದ ಫ್ಲಶ್ ಬಾಗಿಲನ್ನೇ ಭಾರ ಮಾಡಬಹುದು. ಅದರ ಮೇಲೆ 3 ಮಿ.ಮೀ. ಮಾಸ್ ಲೋಡೆಡ್ ವಿನೈಲ್ (ಭಾರದ ಪ್ಲಾಸ್ಟಿಕ್ ಹಾಳೆ), ಅದರ ಮೇಲೆ 12 ಮಿ.ಮೀ. ಬಿಡಬ್ಲ್ಯುಪಿ (ನೀರು ತಾಳುವ) ಪ್ಲೈವುಡ್ ಹಾಕಿದರೆ 20 ಕೆ.ಜಿ. ಇದ್ದದ್ದು ಚದರ ಮೀಟರಿಗೆ 32ರ ಸುತ್ತ ಬರುತ್ತದೆ. ಪೂರ್ತಿ ಬಾಗಿಲು 60 ಕೆ.ಜಿ. ದಾಟುತ್ತದೆ, ಸಿಗುವ ಲಾಭ ಬರೀ 4 ಡೆಸಿಬಲ್. ಅಷ್ಟು ಭಾರಕ್ಕೆ ನಾಲ್ಕು ಹಿಂಜ್ ಬೇಕು, 5 ಇಂಚಿನ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕಡಲಂಚಿನ ಮನೆಯಾದರೆ 316. ಸ್ಕ್ರೂ 50 ಮಿ.ಮೀ.ಗಿಂತ ಗಿಡ್ಡ ಇರಬಾರದು. ಒಂದು ಬದಿಗೆ ಮಾತ್ರ ಲ್ಯಾಮಿನೇಟ್ ಅಂಟಿಸಿದ ಬಾಗಿಲು ಮಳೆಗಾಲದಲ್ಲಿ ಬಾಗುತ್ತದೆ, ಎರಡೂ ಬದಿಗೆ ಒಂದೇ ದಪ್ಪದ್ದು ಹಾಕಿಸಿ.

ಇನ್ನು ದಾರಂದ. ಚಿರೆಕಲ್ಲಿನ ಗೋಡೆಗೂ ದಾರಂದಕ್ಕೂ ನಡುವೆ ಒಂದೆರಡು ಬೆರಳು ಜಾಗ ಉಳಿದು, ಮೇಲಷ್ಟೇ ಪ್ಲಾಸ್ಟರ್ ಬಳಿದದ್ದು ಸಾಮಾನ್ಯ. ಅಂಚಿನಗುಂಟ ತಟ್ಟಿದರೆ ಪೊಳ್ಳು ಎಲ್ಲಿದೆ ಗೊತ್ತಾಗುತ್ತದೆ. ಅಲ್ಲಿ ಪ್ಲಾಸ್ಟರ್ ಕಿತ್ತು ಒಂದು ಸಿಮೆಂಟಿಗೆ ನಾಲ್ಕು ಮರಳಿನ ಗಾರೆ ಒಳಗಿನವರೆಗೂ ಕುಟ್ಟಿ ತುಂಬಿಸುತ್ತೇನೆ. ಸ್ಪ್ರೇ ಫೋಮ್ ಬೇಗ ತುಂಬುತ್ತದೆ, ಆದರೆ ಹಗುರ. ಮರವೂ ಗಾರೆಯೂ ಸೇರುವ ಗೆರೆ ಪ್ರತಿ ವರ್ಷ ಬಿರಿಯುತ್ತದೆ. ಅಲ್ಲಿಗೆ ಗಟ್ಟಿಯಾಗದ ಸೀಲಂಟ್ ಎಳೆಯಿರಿ.

ಬಾಗಿಲಿನ ಅಂಚಿನ ಸಂದಿ ಮುಚ್ಚುವ ರಬ್ಬರ್ (ಗ್ಯಾಸ್ಕೆಟ್) ಕೂರಿಸುವಲ್ಲೇ ಹೆಚ್ಚು ಕೆಲಸ ಕೆಡುವುದು. 6 ಮಿ.ಮೀ. ಪೊಳ್ಳು ಗ್ಯಾಸ್ಕೆಟ್ ಒತ್ತಿದಾಗ 3 ಮಿ.ಮೀ.ಗೆ ಇಳಿಯಬೇಕು. ಹಳೆಯ ದಾರಂದದ ರಿಬೇಟಿಗೆ (ಹಲಗೆ ಬಂದು ಕೂರುವ ಕೊರೆತಕ್ಕೆ) ಅದನ್ನು ನೇರವಾಗಿ ಅಂಟಿಸಿದರೆ ಹಿಂಜ್ ಬದಿಯಲ್ಲಿ ರಬ್ಬರ್ ಜಜ್ಜಿ ಬಾಗಿಲು ಹಿಂದಕ್ಕೆ ಚಿಮ್ಮುತ್ತದೆ, ಬೀಗದ ಬದಿಯಲ್ಲಿ ಚಿಲಕವೇ ಬೀಳುವುದಿಲ್ಲ. ನಾನು ಹಾಗೆ ಅಂಟಿಸುವುದಿಲ್ಲ. ಬಾಗಿಲು ಮುಚ್ಚಿ ಚಿಲಕ ಹಾಕಿಟ್ಟು, ಒಂದೂಕಾಲು ಇಂಚು ಅಗಲ, ಅರ್ಧ ಇಂಚು ದಪ್ಪದ ಮರದ ಪಟ್ಟಿಗೆ ಗ್ಯಾಸ್ಕೆಟ್ ಕೂರಿಸಿ, ಆ ಪಟ್ಟಿಯನ್ನು ಹಲಗೆಗೆ ರಬ್ಬರ್ ಅರ್ಧ ಮಡಿಯುವಷ್ಟು ಒತ್ತಿ ಹಿಡಿದು ದಾರಂದಕ್ಕೆ ಸ್ಕ್ರೂ ಹೊಡೆಯುತ್ತೇನೆ, 8 ಇಂಚಿಗೆ ಒಂದು. ಹಲಗೆ ಸ್ವಲ್ಪ ಬಾಗಿದ್ದರೂ ಪಟ್ಟಿ ಅದನ್ನೇ ಅನುಸರಿಸಿ ಕೂರುತ್ತದೆ. ಪಟ್ಟಿಯ ಬೆನ್ನಿಗೆ ಸಿಲಿಕೋನ್ ಮರೆಯಬಾರದು. ಮೂಲೆಗಳಲ್ಲಿ ರಬ್ಬರನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸಿ. ಟೇಪಿನ ಅಂಟು ಆಷಾಢ ದಾಟುವುದು ಕಷ್ಟ. ಗಾಡಿಯಲ್ಲಿ (ಮರದಲ್ಲಿ ಉದ್ದಕ್ಕೆ ಕೊರೆದ ಸೀಳಿನಲ್ಲಿ) ತೂರಿಸಿ ಕೂರಿಸುವ ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರಿನ ಗ್ಯಾಸ್ಕೆಟ್ ಬಾಳುತ್ತದೆ.

ಕೆಳಗಿನ ಸಂದಿಗೆ ನಮ್ಮ ಹಳೆಯ ಹೊಸ್ತಿಲಿಗಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಅರ್ಧ ಇಂಚು ಎದ್ದ ಹೊಸ್ತಿಲಿಗೆ ರಬ್ಬರ್ ಕೂರಿಸಿದರೆ ನಾಲ್ಕೂ ಬದಿ ಒಂದೇ ರೀತಿ ಮುಚ್ಚುತ್ತದೆ, ಕೆಡುವ ಯಂತ್ರ ಯಾವುದೂ ಇಲ್ಲ. ವಯಸ್ಸಾದವರು ಎಡವುತ್ತಾರೆ, ಹೊಸ್ತಿಲು ಬೇಡವೆಂದರೆ ಆಟೋಮ್ಯಾಟಿಕ್ ಡ್ರಾಪ್ ಸೀಲ್. ಬಾಗಿಲು ಮುಚ್ಚಿದಾಗ ಹಿಂಜ್ ಬದಿಯ ಗುಂಡಿ ದಾರಂದಕ್ಕೆ ಒತ್ತಿ, ರಬ್ಬರ್ ಪಟ್ಟಿ ನೆಲಕ್ಕೆ ಇಳಿಯುತ್ತದೆ. ಅದಕ್ಕೆ ಹಲಗೆಯ ತಳದಲ್ಲಿ ಗಾಡಿ ಕೊರೆಯಬೇಕು. ಫ್ಲಶ್ ಬಾಗಿಲಿನ ತಳದ ಮರದ ಪಟ್ಟಿ ಎರಡು-ಮೂರು ಇಂಚಿನದೇ. ಎತ್ತರ ಹೊಂದಿಸಲೆಂದು ಆಚಾರಿಗಳು ಅದನ್ನು ಮೊದಲೇ ಕೊಯ್ದಿದ್ದರೆ ಗಾಡಿಗೆ ಮರವೇ ಉಳಿಯುವುದಿಲ್ಲ, ಆರ್ಡರ್ ಕೊಡುವಾಗಲೇ ಹೇಳಿಡಿ. ಪಟ್ಟಿ ಇಳಿಯುವ ಜಾಗದಲ್ಲಿ ಟೈಲ್ಸಿನ ಸಂದು ಅಡ್ಡ ಹೋಗಿರಬಾರದು. ಹೋಗಿದ್ದರೆ ಬಾಗಿಲಿನಡಿ ಒಂದೇ ತುಂಡಿನ ಗ್ರಾನೈಟ್ ಪಟ್ಟಿ ಹಾಕಿಸಿ.

ಟವರ್ ಬೋಲ್ಟ್ ನಂಬಬೇಡಿ, ಅದು ಮೇಲಿನ ಮೂಲೆಯನ್ನಷ್ಟೇ ಎಳೆದು ಹಿಡಿಯುತ್ತದೆ. ಹಲಗೆಯೊಳಗೆ ಹುದುಗುವ ಮಾರ್ಟಿಸ್ ಬೀಗ ಇರಲಿ, ಕೀಲಿಯ ತೂತಿಗೆ ಮುಚ್ಚಳ ಇರಲಿ.

ಚಂಡೆಗೆ ಇದಿಷ್ಟೇ ಸಾಲದು. ಮದ್ದಳೆಯ ತಗ್ಗಿನ ಸ್ವರ ಒಂಟಿ ಬಾಗಿಲಿಗೆ ಬಗ್ಗುವುದಿಲ್ಲ. 9 ಇಂಚಿನ ಗೋಡೆಗೆ ಗೋಡೆಯಷ್ಟೇ ಅಗಲದ ದಾರಂದ ಮಾಡಿಸಿ, ಎರಡೂ ಅಂಚಿಗೆ ಒಂದೊಂದು 35 ಮಿ.ಮೀ. ಬಾಗಿಲು ಇಡಿಸಿ. ಒಂದು ಒಳಗೆ ತೆರೆಯಲಿ, ಇನ್ನೊಂದು ಹೊರಗೆ. ನಡುವೆ ಆರಿಂಚು ಗಾಳಿ ಉಳಿಯುತ್ತದೆ. ಒಂದೇ ಬಾಗಿಲನ್ನು ಎರಡು ಪಟ್ಟು ಭಾರ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಒಳಬದಿಯ ಹಿಡಿಕೆಗಳು ಹಲಗೆಯಲ್ಲೇ ಹುದುಗಿದವಾಗಿರಲಿ.

ಪರೀಕ್ಷೆ ರಾತ್ರಿ ಮಾಡಿ. ಒಳಗೆ ಟಾರ್ಚ್ ಹಚ್ಚಿ, ಹೊರಗೆ ಕತ್ತಲೆ ಮಾಡಿ ಅಂಚು ನೋಡಿ. ಬೆಳಕು ಸೋರಿದಲ್ಲಿ ಸದ್ದೂ ಸೋರುತ್ತದೆ. ಆಮೇಲೆ ಕಾಗದದ ಪಟ್ಟಿಯನ್ನು ಅಡಿಗೊಂದು ಕಡೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಮೊಬೈಲಿನ ಡೆಸಿಬಲ್ ಅಂಕಿ ಅಷ್ಟು ಸರಿಯಲ್ಲ, ಆದರೆ ಒಂದೇ ಫೋನಿನಲ್ಲಿ ಒಳಗೆ ಎಷ್ಟು, ಹೊರಗೆ ಎಷ್ಟು ಎಂಬ ವ್ಯತ್ಯಾಸ ಹೋಲಿಕೆಗೆ ಸಾಕು.

ಹೀಗೆ ಮುಚ್ಚಿದ ಕೋಣೆಗೆ ಗಾಳಿ ಬೇರೆ ದಾರಿಯಿಂದ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿಯನ್ನೂ ಹಾಕಿಟ್ಟರೆ ಬಟ್ಟೆ, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಇನ್ವರ್ಟರಿನ ಆಸಿಡ್ ಬ್ಯಾಟರಿಯನ್ನು ಅಂಥ ಕೋಣೆಯಲ್ಲಿ ಇಡಲೇಬೇಡಿ, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಅಂಚು ಕೀಸಿಸುವುದು ನಮ್ಮಲ್ಲಿ ರೂಢಿ. ಆಗ ಕೀಸಿದ್ದು ಚಳಿಗಾಲದಲ್ಲಿ ಮರ ಒಣಗಿದಾಗ ಸಂದಿಯಾಗುತ್ತದೆ. ಕೂರಿಸುವಾಗಲೇ ಬದಿಗೆ 3 ಮಿ.ಮೀ. ಬಿಟ್ಟು, ತಳ ಮತ್ತು ತಲೆಯ ಕೊಯ್ದ ಅಂಚಿಗೂ ಬಣ್ಣ ಅಥವಾ ವಾರ್ನಿಷ್ ಹೊಡೆಸಿದರೆ ಮರ ಅಷ್ಟಾಗಿ ನೀರು ಕುಡಿಯುವುದಿಲ್ಲ. ದೀಪಾವಳಿಯ ಹೊತ್ತಿಗೆ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರಾಪ್ ಸೀಲಿನ ಗುಂಡಿಯನ್ನು ಅಲೆನ್ ಕೀಯಿಂದ ಅರ್ಧ ಸುತ್ತು ಹೊರಕ್ಕೆ ತಿರುಗಿಸಿ, ಕಾಗದದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.