ಮೋಟರ್ ಆನ್ ಆಗ್ತಿಲ್ವಾ? ಮೊದಲು ಕಾಯಿಲ್ ಎಣಿಸಿ

ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಹೊಸದಾಗಿ ಲ್ಯಾಡರ್ (ಏಣಿಯಂತೆ ಕಾಣುವ ಪ್ರೋಗ್ರಾಂ) ಬರೆಯುವವರಿಗೆ ಒಂದು ಮಾತು. ಒಂದೇ ಔಟ್‌ಪುಟ್ ಕಾಯಿಲನ್ನು (ಮೋಟರ್‌ನಂಥದ್ದನ್ನು ಆನ್, ಆಫ್ ಮಾಡುವ ಚಿಹ್ನೆ) ಎರಡು ರಂಗ್‌ಗಳಲ್ಲಿ (ಏಣಿಯ ಮೆಟ್ಟಿಲಿನಂಥ ಸಾಲುಗಳಲ್ಲಿ) ಹಾಕಬೇಡಿ. ಪ್ರೋಗ್ರಾಂ ಮೇಲಿಂದ ಕೆಳಗೆ ಸ್ಕ್ಯಾನ್ ಆಗುತ್ತದೆ, ಕೊನೆಯ ರಂಗ್ ಬರೆದದ್ದೇ ಔಟ್‌ಪುಟ್‌ಗೆ ಹೋಗುತ್ತದೆ. 3ನೇ ರಂಗ್‌ನಲ್ಲಿ ಆಟೋ, 40ನೇ ರಂಗ್‌ನಲ್ಲಿ ಮ್ಯಾನುಯಲ್ ಅಂತ ಒಂದೇ ಕಾಯಿಲ್ ಇಟ್ಟು, ನಾನು ಅರ್ಧ ದಿನ ಸುಮ್ನೆ ವೈರಿಂಗ್ ಬಿಚ್ಚಿ ನೋಡಿದ್ದೆ! ಮಾನಿಟರ್ ಮೋಡ್‌ನಲ್ಲಿ 3ನೇ ರಂಗ್‌ನ ಕಾಂಟ್ಯಾಕ್ಟ್‌ಗಳೆಲ್ಲ (ಕಾಯಿಲ್ ಆನ್ ಆಗಲು ಇಟ್ಟ ಷರತ್ತುಗಳು) ಹಸಿರು, ಮೋಟರ್ ಮಾತ್ರ ಅಲ್ಲಾಡಲಿಲ್ಲ. 40ನೇ ರಂಗ್ ಅದನ್ನು ಆಫ್ ಮಾಡುತ್ತಿತ್ತು.

ಆಟೋಗೆ ಒಂದು, ಮ್ಯಾನುಯಲ್‌ಗೆ ಒಂದು ಮೆಮೊರಿ ಬಿಟ್ ಇಟ್ಟುಕೊಳ್ಳಿ. ಕೊನೆಗೆ ಎರಡನ್ನೂ ಪ್ಯಾರಲಲ್ ಆಗಿ ಒಂದೇ ರಂಗ್‌ಗೆ ತಂದು ಕಾಯಿಲ್ ಹಾಕಿ. ಡೌನ್‌ಲೋಡ್ ಮಾಡುವ ಮುಂಚೆ ಕ್ರಾಸ್ ರೆಫರೆನ್ಸ್ (ಯಾವ ಅಡ್ರೆಸ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿ) ತೆರೆದು, ಆ ಕಾಯಿಲ್‌ನ ಅಡ್ರೆಸ್‌ಗೆ ಎಷ್ಟು ಕಡೆ ಬರೆದಿದ್ದೀರಿ ನೋಡಿ. ಸೆಟ್ (ಆನ್ ಮಾಡಿ ಹಾಗೇ ಹಿಡಿದಿಡುವ), ರಿಸೆಟ್ (ಅದನ್ನು ಆಫ್ ಮಾಡುವ) ಕಾಯಿಲ್‌ಗಳ ಲೆಕ್ಕ ಬೇರೆ, ಅವು ಜೋಡಿಯಾಗಿಯೇ ಇರಬೇಕು.