ರೆವಿಟ್‌ನಲ್ಲಿ ಮೆಟ್ಟಿಲು, ರೇಲಿಂಗ್: ಮೊದಲು ಲೆಕ್ಕ, ಆಮೇಲೆ ಮೌಸ್

ರೆವಿಟ್‌ನಲ್ಲಿ (ಕಟ್ಟಡದ ಮಾಡೆಲ್, ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್) ಮೆಟ್ಟಿಲು ಎರಡು ನಿಮಿಷದಲ್ಲಿ ಮುಗಿಯುತ್ತದೆ, ಆಮೇಲೆ ರೇಲಿಂಗ್ ಜೊತೆ ಎರಡು ಗಂಟೆ ಗುದ್ದಾಟ. ತಿರುವಿನಲ್ಲಿ ಹ್ಯಾಂಡ್‌ರೇಲ್ ಸೊಟ್ಟಗೆ ಜಿಗಿಯುತ್ತದೆ, ಸರಳುಗಳು ಗಾಳಿಯಲ್ಲಿ ನೇತಾಡುತ್ತವೆ. ಆಗ ಎಲ್ಲರೂ ರೇಲಿಂಗ್ ಸೆಟ್ಟಿಂಗ್ ಕೆದಕಲು ಶುರು ಮಾಡುತ್ತಾರೆ. ಆದರೆ ಎಡವಟ್ಟು ಆಗಿರುವುದು ಬಹಳಷ್ಟು ಸಲ ಮೆಟ್ಟಿಲಿನಲ್ಲೇ.

ಅದಕ್ಕೇ ಮೌಸ್ ಮುಟ್ಟುವ ಮೊದಲು ಕ್ಯಾಲ್ಕುಲೇಟರ್ ತಗೊಳ್ಳಿ. ಮಹಡಿಯ ಎತ್ತರ 3000 ಮಿ.ಮೀ. ಅಂದುಕೊಳ್ಳಿ. 18 ರೈಸರ್ (ಒಂದು ಹೆಜ್ಜೆಯ ಎತ್ತರ) ಹಾಕಿದರೆ ಒಂದೊಂದು 166.7 ಬರುತ್ತದೆ. ಟ್ರೆಡ್ (ಕಾಲಿಡುವ ಜಾಗದ ಆಳ) 280 ಇಟ್ಟರೆ, ಎರಡು ರೈಸರ್ ಮತ್ತು ಒಂದು ಟ್ರೆಡ್ ಕೂಡಿಸಿದಾಗ ಸುಮಾರು 613. ಈ ಮೊತ್ತ 600ರಿಂದ 640ರ ಆಸುಪಾಸಿನಲ್ಲಿದ್ದರೆ ಹತ್ತಲು ಹಾಯಾಗಿರುತ್ತದೆ. ಮಧ್ಯೆ ಲ್ಯಾಂಡಿಂಗ್ (ತಿರುಗುವ ಸಮತಟ್ಟು ಜಾಗ) ಇಟ್ಟು ಹಿಂದಕ್ಕೆ ತಿರುಗುವ ಮೆಟ್ಟಿಲಾದರೆ 9 ಮತ್ತು 9 ರೈಸರ್. ಒಂದು ಸಾಲಿನಲ್ಲಿ 9 ರೈಸರ್ ಇದ್ದರೆ ಟ್ರೆಡ್ 8 ಮಾತ್ರ, ಒಂಬತ್ತನೆಯದು ಲ್ಯಾಂಡಿಂಗೇ ಅಲ್ವಾ. ಹಾಗಾಗಿ ಒಂದು ಸಾಲಿನ ಉದ್ದ 2240. ಇದಕ್ಕೆ ಲ್ಯಾಂಡಿಂಗ್ ಅಗಲ ಸೇರಿಸಿ, ಅಷ್ಟು ಜಾಗ ಪ್ಲಾನ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಯಾವ ಸಾಫ್ಟ್‌ವೇರ್ ಕೂಡ ಜಾಗ ಹುಟ್ಟಿಸಿ ಕೊಡುವುದಿಲ್ಲ.

ಇನ್ನು ಫಿನಿಶ್, ಅಂದರೆ ಕಾಂಕ್ರೀಟ್ ಮೇಲೆ ಹಾಕುವ ಹೊದಿಕೆಯ ವಿಷಯ. ನಾನು ಇದರಲ್ಲಿ ಸರಿಯಾಗಿ ಪಾಠ ಕಲಿತಿದ್ದೇನೆ, ಇಡೀ ಡ್ರಾಯಿಂಗ್ ಮತ್ತೆ ಮಾಡಬೇಕಾಯಿತು. ನೆಲದ ಮೇಲೆ 50 ಮಿ.ಮೀ. ಫಿನಿಶ್, ಮೆಟ್ಟಿಲ ಮೇಲೆ ಬರೀ 20 ಮಿ.ಮೀ. ಕಲ್ಲು ಇದೆ ಅಂತಿಟ್ಟುಕೊಳ್ಳಿ. ನೀವು ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಕಾಂಕ್ರೀಟ್ ಮೆಟ್ಟಿಲು ಬಿಡಿಸಿದರೆ, ಕೆಲಸ ಮುಗಿದ ಮೇಲೆ ಮೊದಲ ಹೆಜ್ಜೆ 137ಕ್ಕೆ ಇಳಿಯುತ್ತದೆ, ಕೊನೆಯದು 197ಕ್ಕೆ ಏರುತ್ತದೆ. ಉಳಿದವೆಲ್ಲ 167. ಜನ ಎಡವುವುದು ಇಂಥ ಕಡೆಯೇ. ಬೇಸ್ ಆಫ್‌ಸೆಟ್, ಟಾಪ್ ಆಫ್‌ಸೆಟ್ (ಮೆಟ್ಟಿಲಿನ ಬುಡ, ತುದಿಯನ್ನು ಮಹಡಿ ಮಟ್ಟದಿಂದ ಏರಿಸುವ ಅಳತೆ) ಎರಡಕ್ಕೂ 30 ಕೊಟ್ಟರೆ ಎಲ್ಲಾ ಹೆಜ್ಜೆ ಸಮ ಆಗುತ್ತವೆ. ಲೆವೆಲ್ (ಮಹಡಿಯ ಮಟ್ಟ ತೋರಿಸುವ ಗೆರೆ) ಫಿನಿಶ್ ನೆಲದ ಮೇಲಿದೆಯೋ ಸ್ಲ್ಯಾಬ್ ಮೇಲಿದೆಯೋ ಅಂತ ಮೊದಲೇ ತಿಳಿದುಕೊಂಡು ಈ ಲೆಕ್ಕ ಹಾಕಿ.

ಈಗ ಸ್ಟೇರ್ ಟೂಲ್ ತೆಗೆಯಿರಿ. ಟೈಪ್ (ಒಂದೇ ಬಗೆಯ ಮೆಟ್ಟಿಲಿಗೆಲ್ಲ ಅನ್ವಯಿಸುವ ಸೆಟ್ಟಿಂಗ್) ಡೂಪ್ಲಿಕೇಟ್ ಮಾಡಿಕೊಂಡೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಪ್ರಾಜೆಕ್ಟ್‌ನಲ್ಲಿರುವ ಅದೇ ಟೈಪಿನ ಮೆಟ್ಟಿಲೆಲ್ಲ ಬದಲಾಗುತ್ತವೆ. ಗರಿಷ್ಠ ರೈಸರ್, ಕನಿಷ್ಠ ಟ್ರೆಡ್, ಕನಿಷ್ಠ ಅಗಲ ಮೂರೂ ಟೈಪ್‌ನಲ್ಲಿರುತ್ತವೆ, ನಿಮಗೆ ಅನ್ವಯಿಸುವ ಕಟ್ಟಡ ನಿಯಮದ ಅಂಕಿಯನ್ನೇ ಅಲ್ಲಿ ತುಂಬಿ. ಬೇಸ್ ಲೆವೆಲ್, ಟಾಪ್ ಲೆವೆಲ್, ರೈಸರ್ ಸಂಖ್ಯೆ ಕೊಟ್ಟು, ಲೊಕೇಶನ್ ಲೈನ್ ಆರಿಸಿ (ಗೋಡೆಗೆ ತಾಗಿದ ಮೆಟ್ಟಿಲಾದರೆ ಎಡ ಅಥವಾ ಬಲ ಅಂಚು ಇಟ್ಟುಕೊಳ್ಳುವುದೇ ಸುಲಭ), ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎಷ್ಟು ರೈಸರ್ ಆಯಿತು, ಎಷ್ಟು ಉಳಿಯಿತು ಅಂತ ಪಕ್ಕದಲ್ಲೇ ತೋರಿಸುತ್ತದೆ. ಒಂಬತ್ತಕ್ಕೆ ನಿಲ್ಲಿಸಿ, ಎರಡನೇ ಸಾಲು ಎಳೆದರೆ ಲ್ಯಾಂಡಿಂಗ್ ತಾನಾಗೇ ಬರುತ್ತದೆ. ಕನ್ವರ್ಟ್ ಟು ಸ್ಕೆಚ್ (ಸಾಲನ್ನು ಕೈಯಾರೆ ತಿದ್ದುವ ಗೆರೆಗಳಾಗಿ ಬದಲಿಸುವ ಆಯ್ಕೆ) ಅನ್ನು ಮಾತ್ರ ಸುಮ್ನೆ ಒತ್ತಬೇಡಿ. ಒಮ್ಮೆ ಸ್ಕೆಚ್ ಆದ ಸಾಲು ಮತ್ತೆ ಮೊದಲಿನಂತೆ ಆಗುವುದಿಲ್ಲ.

ಹಸಿರು ಟಿಕ್ ಒತ್ತುವ ಮೊದಲು ತಿರುವನ್ನು ನೋಡಿ. ರೇಲಿಂಗ್ ಕೆಡುವುದು ಇಲ್ಲೇ. ಕೆಳಗಿನ ಸಾಲಿನ ಕೊನೆಯ ರೈಸರ್, ಮೇಲಿನ ಸಾಲಿನ ಮೊದಲ ರೈಸರ್ ಎರಡೂ ಒಂದೇ ಗೆರೆಯಲ್ಲಿದ್ದರೆ ನೋಡಲು ಅಚ್ಚುಕಟ್ಟು. ಆದರೆ ಹ್ಯಾಂಡ್‌ರೇಲ್ ಎತ್ತರ ಅಳೆಯುವುದು ಮೆಟ್ಟಿಲಿನ ಮೂಗಿನಿಂದ, ಅಂದರೆ ಹೆಜ್ಜೆಯ ಮುಂದಿನ ಅಂಚಿನಿಂದ. ಆ ಗೆರೆಯ ಮೇಲೆ ಒಂದು ಮೂಗು ಲ್ಯಾಂಡಿಂಗ್ ಮಟ್ಟದಲ್ಲಿ, ಇನ್ನೊಂದು ಅದಕ್ಕಿಂತ 167 ಮೇಲೆ. ಎರಡು ಹ್ಯಾಂಡ್‌ರೇಲ್ ಸೇರುವ ಕಡೆ ಅಷ್ಟೇ ವ್ಯತ್ಯಾಸ ಬೀಳುತ್ತದೆ, ರೆವಿಟ್ ಅದನ್ನು ಹೇಗೋ ಜೋಡಿಸಲು ಹೋಗಿ ವಿಕಾರ ಮಾಡುತ್ತದೆ. ಮೇಲಿನ ಸಾಲನ್ನು ಒಂದು ಟ್ರೆಡ್‌ನಷ್ಟು, ಅಂದರೆ 280, ಲ್ಯಾಂಡಿಂಗ್‌ನಿಂದ ದೂರ ಸರಿಸಿ. ಈಗ ಎರಡೂ ಇಳಿಜಾರು ಒಂದೇ ಎತ್ತರದಲ್ಲಿ ಸೇರುತ್ತವೆ. ಸೈಟಿನಲ್ಲಿ ಬಡಗಿಗೂ ವೆಲ್ಡರ್‌ಗೂ ಇದರಿಂದ ಉಪಕಾರವೇ, ಏಕೆಂದರೆ ಆ ಜಿಗಿತ ಬರೀ ಪರದೆಯ ಮೇಲಿನದ್ದಲ್ಲ. ಮೇಲಿನ ತುದಿಯೂ 280 ಮುಂದಕ್ಕೆ ಹೋಗುತ್ತದೆ, ಅಲ್ಲಿ ಜಾಗ ಇರಬೇಕು. ಇಲ್ಲವೇ ಇಲ್ಲ ಅಂದರೆ, ರೇಲಿಂಗ್ ಟೈಪ್‌ನ ಆ್ಯಂಗಲ್ಡ್ ಜಾಯಿನ್ಸ್‌ನಲ್ಲಿ (ಓರೆಯಾಗಿ ಸೇರುವ ಕಡೆಯ ಸೆಟ್ಟಿಂಗ್) ಲಂಬ ತುಂಡು ಸೇರಿಸುವ ಆಯ್ಕೆ ಹಾಕಿ ಸುಧಾರಿಸಬೇಕು.

ರೇಲಿಂಗ್ ತಾನಾಗೇ ಎರಡೂ ಬದಿಗೆ ಬಂದು ಕೂರುತ್ತದೆ. ಗೋಡೆ ಕಡೆಯದು ಬೇಡವಾದರೆ ಅಳಿಸಿ. ಸರಳುಗಳ ನಡುವೆ 100 ಮಿ.ಮೀ. ಗೋಲ ತೂರಬಾರದು ಅನ್ನುವ ನಿಯಮ ಹಲವು ಕಡೆ ಇದೆ, ಮಗುವಿನ ತಲೆ ಸಿಕ್ಕಿಕೊಳ್ಳದಿರಲಿ ಅಂತ. 12 ಮಿ.ಮೀ. ಸರಳಾದರೆ ನಡುವಿನಿಂದ ನಡುವಿಗೆ 110 ಕೊಡಿ, ಖಾಲಿ ಜಾಗ 98 ಉಳಿಯುತ್ತದೆ. ಬ್ಯಾಲಸ್ಟರ್ ಪ್ಲೇಸ್‌ಮೆಂಟ್‌ನಲ್ಲಿ (ಸರಳುಗಳನ್ನು ಜೋಡಿಸುವ ಸೆಟ್ಟಿಂಗ್) 'ಸ್ಪ್ರೆಡ್ ಪ್ಯಾಟರ್ನ್ ಟು ಫಿಟ್', ಅಂದರೆ ಇರುವ ಉದ್ದಕ್ಕೆ ಸಮವಾಗಿ ಹರಡುವ ಆಯ್ಕೆ ಇಟ್ಟರೆ ಅಂತರ ಸ್ವಲ್ಪ ಹಿಗ್ಗಬಹುದು, ಒಮ್ಮೆ ಅಳೆದು ನೋಡಿ. ಪ್ರತಿ ಟ್ರೆಡ್‌ಗೆ ಇಷ್ಟು ಸರಳು ಅನ್ನುವ ಆಯ್ಕೆಯೂ ಅಲ್ಲೇ ಇದೆ. 280ರ ಟ್ರೆಡ್‌ಗೆ ಎರಡು ಸಾಲದು, ಮೂರು ಬೇಕು.

ರೇಲಿಂಗ್ ಅನ್ನು ಕೈಯಾರೆ ಬಿಡಿಸುವುದಾದರೆ ಗೆರೆ ಎಲ್ಲೂ ಕಡಿಯದೆ ಒಂದೇ ಆಗಿರಬೇಕು, ಪಿಕ್ ನ್ಯೂ ಹೋಸ್ಟ್ ಒತ್ತಿ ಮೆಟ್ಟಿಲು ತೋರಿಸಬೇಕು. ಇಳಿಜಾರು ಮುಗಿದು ಲ್ಯಾಂಡಿಂಗ್ ಶುರುವಾಗುವ ಜಾಗದಲ್ಲಿ ಆ ಗೆರೆಯನ್ನು ಸ್ಪ್ಲಿಟ್ ಮಾಡಿ, ಇಲ್ಲದಿದ್ದರೆ ಅದಕ್ಕೆ ಎಲ್ಲಿ ಬಾಗಬೇಕು ಅಂತ ಗೊತ್ತಾಗುವುದಿಲ್ಲ.

ಕೊನೆಗೆ ಸ್ಲ್ಯಾಬ್‌ನಲ್ಲಿ ತೂತು. ಮೆಟ್ಟಿಲು ಹಾಕಿದ ಮಾತ್ರಕ್ಕೆ ಸ್ಲ್ಯಾಬ್ ತೆರೆದುಕೊಳ್ಳುವುದಿಲ್ಲ, ಶಾಫ್ಟ್ ಟೂಲ್‌ನಿಂದ ನೀವೇ ಕತ್ತರಿಸಬೇಕು. ಆಮೇಲೆ ಮೆಟ್ಟಿಲಿನ ಉದ್ದಕ್ಕೆ ಸೆಕ್ಷನ್ (ಸೀಳಿದಂತೆ ಕಾಣುವ ನೋಟ) ಕತ್ತರಿಸಿ, ಮೂಗಿನಿಂದ ಮೇಲಿನ ಸ್ಲ್ಯಾಬಿನ ಅಡಿಗೆ ನೆಟ್ಟಗೆ ಅಳೆಯಿರಿ. ನಿಮಗೆ ಅನ್ವಯಿಸುವ ಕಟ್ಟಡ ನಿಯಮದ ಅಂಕಿಗಿಂತ ಕಡಿಮೆ ಬಂದರೆ ತೂತು ಇನ್ನಷ್ಟು ಉದ್ದ ಮಾಡಿ.