ಬ್ರೂನೋಗೆ ವಿಮೆ, ಕರಿಯನಿಗೆ ಆರ್‌ಡಿ: ನಾನು ಲೆಕ್ಕ ಹಾಕಿದ ರೀತಿ

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಬ್ರೂನೋ ಲ್ಯಾಬ್ರಡಾರ್, ವಯಸ್ಸು ನಾಲ್ಕು. ಕರಿಯ ಬೀದಿಯಿಂದ ಬಂದವನು, ವಯಸ್ಸು ಸುಮಾರು ಒಂಬತ್ತು. ಬ್ರೂನೋಗೆ ವಿಮೆ ಮಾಡಿಸಿದ್ದೇನೆ, ಕರಿಯನಿಗೆ ಮಾಡಿಸಿಲ್ಲ. ಬೆಳಗ್ಗೆ ಪಾರ್ಕಿನಲ್ಲಿ ಸಿಗುವವರು "ಪ್ರೀಮಿಯಂ ಎಷ್ಟು ಸರ್?" ಅಂತ ಕೇಳುತ್ತಾರೆ. ಹೇಳಿದರೆ ಕೆಲವರು "ಅಷ್ಟೇನಾ?" ಅಂತಾರೆ, ಕೆಲವರು "ಅಷ್ಟೊಂದಾ?" ಅಂತಾರೆ. ಬರೀ ಪ್ರೀಮಿಯಂ ನೋಡಿ ಎರಡರಲ್ಲಿ ಯಾವುದನ್ನೂ ಹೇಳೋಕಾಗಲ್ಲ. ಆಸ್ಪತ್ರೆ ಬಿಲ್ ಬಂದ ದಿನ ನಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ, ಅದರಲ್ಲಿ ಎಷ್ಟು ವಾಪಸ್ ಬರುತ್ತದೆ, ಯಾವಾಗ ಬರುತ್ತದೆ ಅನ್ನುವುದೂ ಲೆಕ್ಕಕ್ಕೆ ಸೇರಬೇಕು. ನಾನು ಅಕೌಂಟ್ಸ್ ಕೆಲಸದವನು. ಹಾಗಾಗಿ ಏಜೆಂಟ್‌ಗೆ ಫೋನ್ ಮಾಡುವ ಮೊದಲು ಹಳೇ ಬಿಲ್‌ಗಳ ಫೈಲ್ ತೆಗೆದೆ.

ಫೈಲಿನಲ್ಲಿದ್ದ ಚೀಟಿಗಳನ್ನೆಲ್ಲ ಟೇಬಲ್ ಮೇಲೆ ಹರಡಿ ಮೂರು ರಾಶಿ ಮಾಡಿದೆ. ಮೊದಲನೆಯದು ವರ್ಷವರ್ಷವೂ ಇರುವ ಖರ್ಚು: ರೇಬೀಸ್ ಲಸಿಕೆ, ಪಾರ್ವೋ, ಡಿಸ್ಟೆಂಪರ್ ಎಲ್ಲ ಸೇರಿದ ಲಸಿಕೆ, ಜಂತುಹುಳದ ಮಾತ್ರೆ, ಉಣ್ಣೆ ಹುಳಕ್ಕೆ ಹಾಕುವ ಔಷಧಿ, ಉಗುರು ಕತ್ತರಿಸಿದ್ದು, ಸ್ನಾನ ಮಾಡಿಸಿದ್ದು. ಎರಡನೆಯದು ಡಾಕ್ಟರ್‌ಗೆ ತೋರಿಸಿ, ಇಂಜೆಕ್ಷನ್ ಹಾಕಿಸಿ, ಅದೇ ದಿನ ಮನೆಗೆ ಬಂದದ್ದು: ಭೇದಿ, ಕಿವಿ ಸೋರುವುದು, ಚರ್ಮದ ಅಲರ್ಜಿ. ಮೂರನೆಯದು ಆಪರೇಷನ್ ಮತ್ತು ದಾಖಲಾತಿ.

ನಾನು ವರ್ಷಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಮುಕ್ಕಾಲು ಪಾಲು ಮೊದಲ ರಾಶಿಯದ್ದೇ. ಅದಕ್ಕೂ ವಿಮೆಗೂ ಸಂಬಂಧವೇ ಇಲ್ಲ, ನಾನು ನೋಡಿದ ಯಾವ ಪಾಲಿಸಿಯೂ ಲಸಿಕೆಗೆ ದುಡ್ಡು ಕೊಡುವುದಿಲ್ಲ. ಎರಡನೇ ರಾಶಿಗೆ ಒಪಿಡಿ ಸೆಕ್ಷನ್ ಅಂತ ಬೇರೆ ಇರುತ್ತದೆ, ಬೇಕಾದವರು ಸೇರಿಸಿಕೊಳ್ಳಬಹುದು. ಆ ಸೆಕ್ಷನ್‌ಗೆ ಕಟ್ಟಬೇಕಾದ ಹೆಚ್ಚುವರಿ ಮೊತ್ತ, ಅದು ಕೊಡುವ ಮಿತಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನದೇ ದುಡ್ಡನ್ನು ಸ್ವಲ್ಪ ಕಮ್ಮಿ ಮಾಡಿ ನನಗೇ ತಿರುಗಿ ಕೊಡುವ ಏರ್ಪಾಡು ಅನ್ನಿಸಿತು. ಬಿಟ್ಟೆ. ಹಾಗಾಗಿ ವಿಮೆ ಅಂತ ಏನಾದರೂ ಬೇಕಿದ್ದರೆ ಅದು ಮೂರನೇ ರಾಶಿಗೆ ಮಾತ್ರ.

ಪ್ರೀಮಿಯಂ ಏರಿಳಿಯುವುದು ಮುಖ್ಯವಾಗಿ ತಳಿ, ವಯಸ್ಸು, ವಿಮಾ ಮೊತ್ತ, ನೀವು ಆರಿಸಿಕೊಳ್ಳುವ ಸೆಕ್ಷನ್‌ಗಳು, ಈ ನಾಲ್ಕರ ಮೇಲೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ನಂಥ ದೈತ್ಯ ತಳಿಗಳು ಬೇಗ ಮುದಿಯಾಗುತ್ತವೆ, ಅವುಗಳಿಗೆ ಸೇರುವ ವಯಸ್ಸಿನ ಮಿತಿಯೂ ಕಡಿಮೆ. ಮೈಕ್ರೋಚಿಪ್ ಇದ್ದರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಚಿಪ್ ಇಲ್ಲದಿದ್ದರೆ ನಾಯಿಯ ಫೋಟೋ, ಮೈಮೇಲಿನ ಗುರುತುಗಳೇ ಆಧಾರ. ಕರಿಯನ ಎದೆ ಮೇಲೆ ಬಿಳಿ ಮಚ್ಚೆ ಇದೆ, ಸರಿ. ಹಳದಿ ಲ್ಯಾಬ್ರಡಾರ್‌ಗೆ ಏನು ಗುರುತು ಬರೆಯುವುದು? ಬ್ರೂನೋಗೆ ಚಿಪ್ ಹಾಕಿಸಿಬಿಟ್ಟೆ.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದರೆ ಅವರು, "ಕಿವಿಯೋಲೆ ಹಾಕಲ್ವಾ ನಾಯಿಗೆ?" ಅಂದರು. ಚನ್ನರಾಯಪಟ್ಟಣದ ಹತ್ತಿರ ನಮ್ಮೂರಲ್ಲಿ ಡೇರಿಗೆ ಹಾಲು ಹಾಕುವವರಿಗೆ ಹಸುವಿನ ವಿಮೆ ಹೊಸದೇನಲ್ಲ. ಗುರುತಿಗೆ ಹಸುವಿನ ಕಿವಿಗೆ ನಂಬರಿನ ಓಲೆ ಹಾಕುತ್ತಾರೆ, ಹಸುವಿನ ಬೆಲೆ ಕಟ್ಟುತ್ತಾರೆ, ಅದರ ಮೇಲೆ ಇಂತಿಷ್ಟು ಪರ್ಸೆಂಟ್ ಪ್ರೀಮಿಯಂ, ಹಸು ಸತ್ತರೆ ದುಡ್ಡು. ಕಿವಿಯೋಲೆ ಬಿದ್ದುಹೋಗಿದ್ದರೆ ಕ್ಲೇಮ್ ಇಲ್ಲ. ಸರ್ಕಾರದ ಸಬ್ಸಿಡಿಯೂ ಇದೆ. ಜ್ವರ ಬಂದು ಡಾಕ್ಟರ್ ಕರೆಸಿದ ಖರ್ಚಿಗೆ ಮಾತ್ರ ಅದು ಬರುವುದಿಲ್ಲ. ನಾಯಿಯ ಪಾಲಿಸಿಗಳಲ್ಲಿ "ಮರಣ ಪರಿಹಾರ" ಅಂತ ಒಂದು ಸೆಕ್ಷನ್ ಇರುತ್ತದಲ್ಲ, ಅದರ ತರ್ಕವೂ ಇದೇ. ಹಸು ಹೋದರೆ ಸಂಸಾರದ ಆದಾಯ ಹೋಗುತ್ತದೆ, ಇನ್ನೊಂದು ಹಸು ಕೊಳ್ಳಬೇಕು. ಬ್ರೂನೋ ಹೋದರೆ ನನಗೆ ಆಗುವ ನಷ್ಟ ದುಡ್ಡಿನದ್ದಲ್ಲ. ಬೆಲೆಬಾಳುವ ಮರಿ ತಂದು ಶೋಗೆ ಕಳಿಸುವವರಿಗೆ, ಬ್ರೀಡಿಂಗ್ ಮಾಡುವವರಿಗೆ ಆ ಸೆಕ್ಷನ್ ಬೇಕಾಗಬಹುದು. ನಾನು ತೆಗೆಸಿದೆ. ಕಳೆದುಹೋದರೆ, ಕಳುವಾದರೆ ಅನ್ನುವ ಸೆಕ್ಷನ್ ಕೂಡ ತೆಗೆಸಿದೆ. ಪ್ರೀಮಿಯಂ ಅಲ್ಲೇ ಗಣನೀಯವಾಗಿ ಇಳಿಯಿತು.

ಉಳಿಸಿಕೊಂಡದ್ದು ಎರಡು. ಆಪರೇಷನ್ ಮತ್ತು ಆಸ್ಪತ್ರೆ ಖರ್ಚು ಒಂದು. ನಾಯಿ ಯಾರಿಗಾದರೂ ಕಚ್ಚಿದರೆ, ಯಾರದ್ದಾದರೂ ವಸ್ತು ಹಾಳು ಮಾಡಿದರೆ ಕೊಡಬೇಕಾಗುವ ಪರಿಹಾರ ಇನ್ನೊಂದು. ಎರಡನೆಯದನ್ನು ಜನ ಮರೆತೇಬಿಡುತ್ತಾರೆ. ನಮ್ಮ ಗೇಟಿಗೆ ದಿನಕ್ಕೆ ಡೆಲಿವರಿ ಹುಡುಗರು ಎಷ್ಟು ಜನ ಬರುತ್ತಾರೆ ಅಂತ ನೆನೆಸಿಕೊಂಡರೆ ಸಾಕು. ಬ್ರೂನೋ ಕಚ್ಚುವವನಲ್ಲ, ಆದರೆ ಮೈಮೇಲೆ ಹಾರುತ್ತಾನೆ. ಸ್ಕೂಟರ್ ಬಿದ್ದು ಒಬ್ಬರ ಕೈ ಮುರಿದರೆ ಆ ಖರ್ಚು ನಾಯಿಯ ಖರ್ಚಿಗಿಂತ ಎಷ್ಟೋ ಪಾಲು ಜಾಸ್ತಿ. ಈ ಸೆಕ್ಷನ್‌ಗೆ ಪ್ರೀಮಿಯಂ ಕಡಿಮೆ, ಮಿತಿ ದೊಡ್ಡದು. ನನ್ನ ಲೆಕ್ಕದಲ್ಲಿ ಇಡೀ ಪಾಲಿಸಿಯಲ್ಲಿ ದುಡ್ಡಿಗೆ ಮೋಸವಿಲ್ಲದ ಭಾಗ ಇದು. ಒಂದು ಮಾತು: ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ದಂಡವನ್ನು ವಿಮೆ ಕಟ್ಟಿಕೊಡುತ್ತದೆ ಅಂದುಕೊಳ್ಳಬೇಡಿ.

ಈಗ ನಿಜವಾದ ಬಿಲ್‌ಗೆ ಬರೋಣ. ಬ್ರೂನೋ ಒಂದು ಸಂಜೆ ವಾಕಿಂಗ್‌ನಲ್ಲಿ ಯಾರೋ ತಿಂದು ಬಿಸಾಕಿದ ಮುಸುಕಿನ ಜೋಳದ ದಿಂಡನ್ನು ನುಂಗಿದ. ಲ್ಯಾಬ್ ಸಾಕಿದವರಿಗೆ ಇದು ಆಶ್ಚರ್ಯವಲ್ಲ. ದಿಂಡು ಹೊಟ್ಟೆಯಲ್ಲಿ ಕರಗುವುದಿಲ್ಲ, ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ಕುಡಿದ ನೀರೂ ವಾಂತಿಯಾಗತೊಡಗಿದ ಮೇಲೆ ಸ್ಕ್ಯಾನಿಂಗ್ ಮಾಡಿದರು. ಸಣ್ಣ ಕರುಳಿನಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಆ ರಾತ್ರಿಯೇ ಕರುಳು ಕೊಯ್ದು ತೆಗೆದರು. ದಿಂಡನ್ನು ಒಂದು ಸ್ಟೀಲ್ ಟ್ರೇನಲ್ಲಿ ಇಟ್ಟು ತೋರಿಸಿದರು, ಹೆಬ್ಬೆರಳಿನಷ್ಟು ಉದ್ದ, ಕಪ್ಪಗಾಗಿತ್ತು. ಅದರ ಫೋಟೋ ತೆಗೆದಿಟ್ಟುಕೊಂಡೆ. ಕ್ಲೇಮ್‌ಗೆ ಆಮೇಲೆ ಅದೂ ಉಪಯೋಗಕ್ಕೆ ಬಂತು.

ಒಟ್ಟು ಬಿಲ್ 38,600 ರೂಪಾಯಿ. ಇದರಲ್ಲಿ ಕೊಡಲಾಗದ ಬಾಬತ್ತು ಅಂತ 4,100 ಕಳೆದರು: ರಿಜಿಸ್ಟ್ರೇಷನ್ ಫೀ, ಕುತ್ತಿಗೆಗೆ ಹಾಕುವ ಕೋನ್, ಆಪರೇಷನ್ ನಂತರ ತಿನ್ನಿಸುವ ಡಬ್ಬಿ ಆಹಾರ, ಕೆಲವು ಡಿಸ್ಪೋಸಬಲ್ ಸಾಮಾನು. ಉಳಿದದ್ದು 34,500. ನನ್ನ ಪಾಲಿಸಿಯಲ್ಲಿ ಕೋ-ಪೇ 20 ಪರ್ಸೆಂಟ್, ಅಂದರೆ ಆ ಮೊತ್ತದಲ್ಲಿ ಐದನೇ ಒಂದು ಭಾಗ ನನ್ನದು. ಅದೇ 6,900. ಕೈಗೆ ಬಂದದ್ದು 27,600. ನನ್ನ ಜೇಬಿನಿಂದ 11,000.

ನಾನು ಕಟ್ಟಿದ ಪ್ರೀಮಿಯಂ 4,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 4,720. ಬಂದ 27,600ನ್ನು ಇದರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಆರು. ಅಂದರೆ ಇಂಥದ್ದೊಂದು ಬಿಲ್ ಆರು ವರ್ಷಕ್ಕೊಮ್ಮೆ ಬಂದರೆ ನಾನು ಕಟ್ಟಿದ್ದೂ ಬಂದದ್ದೂ ಸರಿಗೆ ಸರಿ. ನಾಯಿಗೆ ವಯಸ್ಸಾದ ಹಾಗೆ ಪ್ರೀಮಿಯಂ ಏರುವುದರಿಂದ ವಾಸ್ತವದಲ್ಲಿ ಇನ್ನೂ ಬೇಗ ಬರಬೇಕು. ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುವ ಲ್ಯಾಬ್‌ಗೆ, ಜೊತೆಗೆ ಸೊಂಟದ ಕೀಲು, ಮಂಡಿಯ ತೊಂದರೆಗೆ ಹೆಸರಾದ ತಳಿಗೆ, ಆರು ವರ್ಷಕ್ಕೊಂದು ದೊಡ್ಡ ಬಿಲ್ ಅನ್ನುವುದು ಅತಿಶಯವಲ್ಲ. ಹಾಗಂತ ಮುಂದುವರಿಸಿದ್ದೇನೆ.

ಆದರೆ ಈ ಲೆಕ್ಕದಲ್ಲಿ ಕಾಣದ ಒಂದು ಖರ್ಚಿದೆ. ಮನುಷ್ಯರ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಅನ್ನುವುದು ನಮಗೆ ಅಭ್ಯಾಸವಾಗಿದೆ. ಇಲ್ಲಿ ನನಗೆ ಆ ಸೌಲಭ್ಯ ಇರಲಿಲ್ಲ. ಆ ರಾತ್ರಿ 25,000 ಅಡ್ವಾನ್ಸ್ ಕಟ್ಟಿದ ಮೇಲೆಯೇ ಥಿಯೇಟರ್ ಸಿದ್ಧ ಮಾಡಿದರು. ಡಿಸ್ಚಾರ್ಜ್ ದಿನ ಉಳಿದದ್ದು ಕಟ್ಟಿದೆ. ವಿಮೆ ದುಡ್ಡು ಬಂದದ್ದು ವಾರಗಳ ನಂತರ. ಕ್ರೆಡಿಟ್ ಕಾರ್ಡ್‌ನಲ್ಲಿ ಉಜ್ಜಿ, ಡ್ಯೂ ದಿನ ದಾಟಿದ್ದಿದ್ದರೆ ಬಡ್ಡಿಯೂ ಬೆಲೆಗೆ ಸೇರುತ್ತಿತ್ತು. ಹಾಗಾಗಿ "ಕೈಯಲ್ಲಿ ದುಡ್ಡಿಲ್ಲ, ಅದಕ್ಕೇ ವಿಮೆ" ಅನ್ನುವವರಿಗೆ ನಾನು ಹೇಳುವುದಿಷ್ಟೇ: ವಿಮೆ ಇದ್ದರೂ ಕೈಯಲ್ಲಿ ದುಡ್ಡು ಇರಲೇಬೇಕು. ಖಾಲಿಯಾದದ್ದನ್ನು ಅದು ಆಮೇಲೆ ತುಂಬಿಕೊಡುತ್ತದೆ ಅಷ್ಟೆ.

ಕಾಗದಪತ್ರದ ಕೆಲಸವೂ ಇದೆ. ಡಾಕ್ಟರ್‌ರ ನೋಂದಣಿ ಸಂಖ್ಯೆ ಇರುವ ಡಿಸ್ಚಾರ್ಜ್ ಚೀಟಿ, ಬಾಬತ್ತುವಾರು ಒಡೆದ ಬಿಲ್, ಲಸಿಕೆ ಪುಸ್ತಕ, ಚಿಪ್ ನಂಬರ್ ಎಲ್ಲ ಕೇಳಿದರು. ಬಿಳಿ ಚೀಟಿಯಲ್ಲಿ "ಒಟ್ಟು ಇಷ್ಟು" ಅಂತ ಬರೆದುಕೊಡುವ ಸಣ್ಣ ಕ್ಲಿನಿಕ್ಕಾದರೆ ಕಷ್ಟ. ಲಸಿಕೆ ಪುಸ್ತಕ ಯಾಕೆ ಅಂದರೆ, ಲಸಿಕೆಯಿಂದ ತಡೆಯಬಹುದಾಗಿದ್ದ ಕಾಯಿಲೆ ಲಸಿಕೆ ಹಾಕಿಸದ ನಾಯಿಗೆ ಬಂದರೆ ಕೊಡುವುದಿಲ್ಲ. ಮೊದಲ ರಾಶಿಗೆ ವಿಮೆ ಇಲ್ಲ ಅಂದೆನಲ್ಲ, ಆದರೆ ಮೊದಲ ರಾಶಿಯ ಖರ್ಚು ಮಾಡದಿದ್ದರೆ ಮೂರನೆಯದಕ್ಕೂ ಕುತ್ತು.

ನಾನು ನೋಡಿದ ಪಾಲಿಸಿಗಳಲ್ಲಿ ಒಂದನ್ನು ಒಂದೇ ಸಾಲಿಗಾಗಿ ಬಿಟ್ಟೆ. ಆಸ್ಪತ್ರೆಯಲ್ಲಿ 24 ಗಂಟೆ ಇದ್ದರೆ ಮಾತ್ರ ದಾಖಲಾತಿ ಅಂತ ಅದರಲ್ಲಿತ್ತು. ಬೆಂಗಳೂರಿನಲ್ಲಿ ನಾಯಿಗಳಿಗೆ ಉಣ್ಣೆ ಜ್ವರ ಎಷ್ಟು ಸಾಮಾನ್ಯ ಅಂತ ಇಲ್ಲಿ ನಾಯಿ ಸಾಕಿದವರಿಗೆಲ್ಲ ಗೊತ್ತು. ಬೆಳಗ್ಗೆ ಹೋಗಿ ಡ್ರಿಪ್ ಹಾಕಿಸಿ ಸಂಜೆ ಕರೆದುಕೊಂಡು ಬರುತ್ತೇವೆ, ಮಾರನೇ ದಿನ ಮತ್ತೆ ಅದೇ. ರಕ್ತಪರೀಕ್ಷೆ, ಔಷಧಿ ಸೇರಿ ಬಿಲ್ ಬೆಳೆಯುತ್ತಲೇ ಹೋಗುತ್ತದೆ, ಆದರೆ ಆ ಸಾಲಿನ ಪ್ರಕಾರ ನಾಯಿ ದಾಖಲಾಗಿಯೇ ಇಲ್ಲ!

ನನ್ನ ತಂಗಿ ನ್ಯೂ ಜೆರ್ಸಿಯಲ್ಲಿದ್ದಾಳೆ, ಅವಳ ಹತ್ತಿರ ಗೋಲ್ಡನ್ ರಿಟ್ರೀವರ್ ಇದೆ. ಅಲ್ಲಿ ಇದೆಲ್ಲ ಹಳೇ ವ್ಯವಹಾರ. 1982ರಲ್ಲಿ ಅಮೆರಿಕದ ಮೊದಲ ಸಾಕುಪ್ರಾಣಿ ಪಾಲಿಸಿ ಕೊಟ್ಟದ್ದೇ ಟಿವಿಯ ಲ್ಯಾಸ್ಸಿ ನಾಯಿಗೆ. ಅಲ್ಲಿನ ವಿಮಾ ಕಂಪನಿಗಳ ಸಂಘದ ಅಂಕಿ ಪ್ರಕಾರ 2023ರಲ್ಲಿ ಅಪಘಾತ, ಕಾಯಿಲೆ ಎರಡೂ ಸೇರಿದ ಪಾಲಿಸಿಗೆ ಸರಾಸರಿ ಪ್ರೀಮಿಯಂ ನಾಯಿಗೆ ತಿಂಗಳಿಗೆ 56 ಡಾಲರ್, ಬೆಕ್ಕಿಗೆ 32 ಡಾಲರ್. ಅವಳ ಪಾಲಿಸಿಯ ರಚನೆ ನಮ್ಮದರಂತಲ್ಲ. ವರ್ಷದ ಮೊದಲ 500 ಡಾಲರ್ ಅವಳದ್ದು, ಅದಕ್ಕೆ ಡಿಡಕ್ಟಿಬಲ್ ಅಂತಾರೆ. ಆಮೇಲಿನದರಲ್ಲಿ 80 ಪರ್ಸೆಂಟ್ ಕಂಪನಿಯದ್ದು. 3,000 ಡಾಲರ್ ಬಿಲ್ ಬಂದರೆ 500 ಕಳೆದು 2,500, ಅದರಲ್ಲಿ 80 ಪರ್ಸೆಂಟ್ ಅಂದರೆ 2,000 ಬರುತ್ತದೆ. ಕೆಲವು ಪಾಲಿಸಿಗಳು ಮೊದಲು 80 ಪರ್ಸೆಂಟ್ ತೆಗೆದು, 2,400 ಮಾಡಿ, ಆಮೇಲೆ 500 ಕಳೆಯುತ್ತವೆ. ಆಗ ಬರುವುದು 1,900. ಕಳೆಯುವುದು ಮೊದಲೋ ಆಮೇಲೋ ಅನ್ನುವುದರಲ್ಲೇ 100 ಡಾಲರ್ ವ್ಯತ್ಯಾಸ. ಅವಳಿಗೆ ಇದನ್ನು ವಿವರಿಸಿದ್ದು ನಾನು, ಬೆಂಗಳೂರಿನಲ್ಲಿ ಕೂತು!

ಇನ್ನು ಕರಿಯ. ಅವನಿಗೆ ಒಂಬತ್ತು, ನಾನು ಕೇಳಿದ ಕಡೆಯೆಲ್ಲ ಹೊಸದಾಗಿ ಸೇರುವ ವಯಸ್ಸು ದಾಟಿದೆ. ದಾಟಿರದಿದ್ದರೂ ಉಪಯೋಗ ಕಡಿಮೆ. ಅವನಿಗೆ ಹಿಂದೆ ಉಣ್ಣೆ ಜ್ವರ ಬಂದು ಕಿಡ್ನಿಗೆ ಸ್ವಲ್ಪ ಪೆಟ್ಟಾಗಿದೆ. ಅದು ಮೊದಲೇ ಇದ್ದ ಕಾಯಿಲೆ, ಆ ದಾರಿಯಲ್ಲಿ ಬರುವ ಖರ್ಚಿಗೆ ಯಾರೂ ಕೊಡುವುದಿಲ್ಲ, ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಎಲ್ಲವೂ ಹೋಗುತ್ತದೆ. ಅದಕ್ಕೇ ಅವನ ಹೆಸರಲ್ಲಿ ಬ್ಯಾಂಕಿನಲ್ಲಿ ತಿಂಗಳಿಗೆ 500ರ ಒಂದು ಆರ್‌ಡಿ. ಬ್ಯಾಂಕಿನವರಿಗೆ ನನ್ನ ಹೆಸರೇ, ಮನೆಯಲ್ಲಿ ಅದು ಕರಿಯನ ಅಕೌಂಟ್. ದೊಡ್ಡ ತೊಂದರೆ ಬಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದೇ ಇದೆ. ಸರ್ಕಾರಿ ಕಾಲೇಜು, ಖಾಸಗಿಗಿಂತ ತುಂಬಾ ಕಡಿಮೆ ಖರ್ಚು, ಕಾಯುವ ತಾಳ್ಮೆ ಬೇಕು.

ಬ್ರೂನೋ ಪಾಲಿಸಿಗೆ ಫೋನಿನಲ್ಲಿ ಎರಡು ರಿಮೈಂಡರ್ ಇಟ್ಟಿದ್ದೇನೆ, ತಿಂಗಳ ಮೊದಲು ಒಂದು, ವಾರದ ಮೊದಲು ಒಂದು. ನನ್ನ ಪಾಲಿಸಿಯಲ್ಲಿ ರಿನ್ಯೂವಲ್ ತಪ್ಪಿದರೆ ಕಾಯುವ ಅವಧಿ (ಪಾಲಿಸಿ ಶುರುವಾದ ಮೇಲೆ ಕಾಯಿಲೆಗೆ ಕ್ಲೇಮ್ ಸಿಗದ ಮೊದಲ ದಿನಗಳು) ಮತ್ತೆ ಮೊದಲಿನಿಂದ ಶುರು, ಅಷ್ಟರಲ್ಲಿ ಬಂದ ಕಾಯಿಲೆಯೆಲ್ಲ ಮೊದಲೇ ಇದ್ದದ್ದು ಅನ್ನಿಸಿಕೊಳ್ಳುತ್ತದೆ. ಮುಂದಿನ ವರ್ಷದ ಪ್ರೀಮಿಯಂ ನೋಟಿಸ್ ಬಂದಾಗ ಕೋ-ಪೇ 20ರಿಂದ 10ಕ್ಕೆ ಇಳಿಸಿದರೆ ಎಷ್ಟಾಗುತ್ತದೆ ಅಂತ ಕೇಳಬೇಕು. ಹೋದ ಸಲದ ಬಿಲ್‌ಗೆ ಅದು 3,450 ಉಳಿಸುತ್ತಿತ್ತು, ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 575. ವರ್ಷಕ್ಕೆ 600ಕ್ಕಿಂತ ಜಾಸ್ತಿ ಕೇಳಿದರೆ 20 ಪರ್ಸೆಂಟೇ ಇರಲಿ ಅಂತೀನಿ.